ಒಂದೇ ಪೀಸಾ, ಸಾರ್?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯ ಕೊನೆಯ ಪುಟದಲ್ಲಿ, ಎರಡು ಅಂಗೈಗಳ ಮೇಲೆ ಕೂರುವಂಥ ಐದು ಸಿಲಿಂಡರಿನ ಪುಟ್ಟ ವಿಮಾನ ಎಂಜಿನ್ನಿನ ಚಿತ್ರ ಹಾಕಿದ್ದೀರಿ. ಚಿತ್ರ ಚೆನ್ನಾಗಿದೆ. ಅದರ ಕೆಳಗಿನ ಎರಡು ಸಾಲು ಚೆನ್ನಾಗಿಲ್ಲ. ‘ಪಂಖದ ಜೊತೆಗೆ ತಾನೂ ಗಿರಗಿರನೆ ತಿರುಗುವ ರೋಟರಿ ಎಂಜಿನ್’ ಎನ್ನುತ್ತದೆ ಮೊದಲ ಸಾಲು. ‘ಇಂಥ ಕುಸುರಿಗೆ ಬೇಕಾದ ಯಂತ್ರಗಳು ನಮ್ಮಲ್ಲಿಲ್ಲದ ಕಾರಣ ಇದು ವಿದೇಶದವರಿಗೇ ಮೀಸಲಾದ ಹವ್ಯಾಸ’ ಎನ್ನುತ್ತದೆ ಎರಡನೆಯದು. ಮೊದಲನೆಯ ತಪ್ಪನ್ನು ನೀವು ಒಂದಿಂಚಿನ ತಿದ್ದುಪಡಿಯಲ್ಲಿ ಸರಿಮಾಡಬಹುದು. ಎರಡನೆಯದನ್ನು ಓದಿ ಲೋಟದಲ್ಲಿದ್ದ ಕಾಫಿ ಆರುವವರೆಗೂ ನಾನು ಸುಮ್ಮನೆ ಕೂತಿದ್ದೆ. ಪತ್ರ ಉದ್ದವಾಯಿತು. ಕತ್ತರಿಸಲೇಬೇಕಾದರೆ ನನ್ನ ಸಂಸಾರದ ಸುದ್ದಿಯನ್ನು ಕತ್ತರಿಸಿ, ಅಳತೆಗಳನ್ನು ಮುಟ್ಟಬೇಡಿ.

ನಾನು ಐಟಿಐ ಮುಗಿಸಿ 1979ರಲ್ಲಿ ಪೀಣ್ಯದ ಒಂದು ಕಾರ್ಖಾನೆಯ ಟೂಲ್‌ರೂಮ್ ಸೇರಿ, ಮೂವತ್ತೇಳು ವರ್ಷದ ನಂತರ ಅಲ್ಲಿಂದಲೇ ಫೋರ್‌ಮನ್ ಆಗಿ ನಿವೃತ್ತನಾದವನು. ರಾಜಾಜಿನಗರದ ನಮ್ಮ ಮನೆಯ ಹಿಂದೆ, ನನ್ನ ತಾಯಿಯ ಕಾಲದಲ್ಲಿ ಸೌದೆ ಒಟ್ಟುತ್ತಿದ್ದ ಒಂಬತ್ತಡಿ ಅಗಲ, ಹನ್ನೊಂದಡಿ ಉದ್ದದ ಕೋಣೆಯೊಂದಿದೆ. ಅಲ್ಲೊಂದು ಲೋಹ ಕಡೆಯುವ ಹಳೆಯ ಲೇತ್: ಪಂಜಾಬಿನ ಬಟಾಲಾದ ತಯಾರಿಕೆ, ನಾಲ್ಕೂವರೆ ಅಡಿಯ ಬೆಡ್. ಮನೆಗೆ ಇರುವುದು ಸಿಂಗಲ್ ಫೇಸ್ ಕರೆಂಟಾದ್ದರಿಂದ ಅದರ ಮೋಟರನ್ನು ತೆಗೆದು ಒಂದು ಕುದುರೆಶಕ್ತಿಯ ಬೇರೆ ಮೋಟರ್ ಹಾಕಿಕೊಂಡಿದ್ದೇನೆ. ಒಂದು ಬೆಂಚ್ ಡ್ರಿಲ್, ಲೇತಿನ ಮೇಲೆ ಕೂರಿಸುವ ಒಂದು ವರ್ಟಿಕಲ್ ಸ್ಲೈಡ್, ಒಂದು ಗ್ರೈಂಡರ್. ಇಷ್ಟೇ ನನ್ನ ‘ಕಾರ್ಖಾನೆ’. ನಿಮ್ಮ ಚಿತ್ರದಲ್ಲಿರುವ ಎಂಜಿನ್ನಿನ ಜಾತಿಯದೇ ಒಂದು ಎಂಜಿನ್ನನ್ನು ನಾನು ಇಲ್ಲಿ ಐದು ವರ್ಷದಲ್ಲಿ ಮಾಡಿದೆ. ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 24 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 22. ಐದೂ ಸಿಲಿಂಡರ್ ಸೇರಿ ಸುಮಾರು 50 ಸಿಸಿ. ಅಂದರೆ ಹಾಲಿನವನ ಮೊಪೆಡ್ಡಿನ ಎಂಜಿನ್ನನ್ನು ಐದು ಪಾಲು ಮಾಡಿ ಸುತ್ತಲೂ ಕೂರಿಸಿದಂತೆ.

ಮೊದಲು ಆ ಮೊದಲ ಸಾಲಿನ ವಿಚಾರ. ನೀವು ಹಾಕಿದ್ದು ರೋಟರಿಯ ಚಿತ್ರವಲ್ಲ, ರೇಡಿಯಲ್ ಎಂಜಿನ್ನಿನದು. ರೇಡಿಯಲ್ ಮತ್ತು ರೋಟರಿ ನೋಡಲು ಅವಳಿಗಳಂತಿದ್ದರೂ ಸ್ವಭಾವ ಬೇರೆ. ಪ್ಯಾರಿಸ್ಸಿನ ಸೆಗ್ಯಾಂ ಸಹೋದರರು ತಮ್ಮ ನೋಮ್ ಕಾರ್ಖಾನೆಯಲ್ಲಿ ಮಾಡಿ, ಮೊದಲನೆಯ ಮಹಾಯುದ್ಧದಲ್ಲಿ ಹೆಸರಾದದ್ದು ರೋಟರಿ. ಅದರಲ್ಲಿ ಪಿಸ್ಟನ್ನುಗಳೆಲ್ಲ ಸೇರುವ ನಡುವಿನ ಅಚ್ಚನ್ನು, ಅಂದರೆ ಕ್ರ್ಯಾಂಕ್ ಶಾಫ್ಟನ್ನು, ವಿಮಾನಕ್ಕೆ ಬಿಗಿದು ಬಿಡುತ್ತಾರೆ. ಸಿಲಿಂಡರುಗಳೆಲ್ಲ ಪ್ರೊಪೆಲ್ಲರಿನ ಜೊತೆ ಸುತ್ತುತ್ತವೆ. ಪೆಟ್ರೋಲ್ ಮಿಶ್ರಣ ಆ ಶಾಫ್ಟನ್ನು ಮುಚ್ಚಿದ ಪೆಟ್ಟಿಗೆಯ, ಅಂದರೆ ಕ್ರ್ಯಾಂಕ್ ಕೇಸಿನ, ಮೂಲಕವೇ ಹಾದುಹೋಗುತ್ತಿದ್ದುದರಿಂದ ಮಾಮೂಲು ಎಣ್ಣೆ ಹಾಕಿದರೆ ತೊಳೆದುಹೋಗುತ್ತಿತ್ತು; ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಉರಿದು ಉಳಿದ ಎಣ್ಣೆ ಪೈಲಟ್ಟಿನ ಮುಖಕ್ಕೇ ಎರಚುತ್ತಿತ್ತು. ಚಿಕ್ಕಂದಿನಲ್ಲಿ ರಜೆ ಮುಗಿಯುವ ಮುನ್ನ ಹರಳೆಣ್ಣೆ ಕುಡಿಸಿಕೊಂಡ ನಮ್ಮ ತಲೆಮಾರಿನವರಿಗೆ ಆ ಪೈಲಟ್ಟುಗಳ ಬಗ್ಗೆ ವಿಶೇಷ ಕನಿಕರ ಇರುತ್ತದೆ. ರೇಡಿಯಲ್ ಹಾಗಲ್ಲ. ಸಿಲಿಂಡರುಗಳು ಮರ್ಯಾದೆಯಿಂದ ನಿಂತಲ್ಲೇ ನಿಂತಿರುತ್ತವೆ. ಒಳಗೆ ಕ್ರ್ಯಾಂಕ್ ತಿರುಗುತ್ತದೆ. ನಿಮ್ಮ ಚಿತ್ರದಲ್ಲಿ ಸಿಲಿಂಡರುಗಳಿಂದ ಹೊರಟ ಎಗ್ಸಾಸ್ಟ್ ಕೊಳವೆಗಳು ಹಿಂದಿನ ಒಂದೇ ಬಳೆಗೆ ಸೇರಿವೆ, ಆ ಬಳೆಯನ್ನು ಹಲಗೆಗೆ ಬಿಗಿದಿದ್ದಾರೆ. ಅದು ತಿರುಗಿದರೆ ಕೊಳವೆಗಳ ಗತಿ ಏನು? ಚಿತ್ರವೇ ಸತ್ಯ ಹೇಳುತ್ತಿರುವಾಗ ಕೆಳಗಿನ ಸಾಲು ಸುಳ್ಳು ಹೇಳಬಾರದು.

ನಾಲ್ಕು ಸ್ಟ್ರೋಕಿನ ಇಂಥ ಎಂಜಿನ್ನಿನ ಒಂದು ದುಂಡು ಸಾಲಿನಲ್ಲಿ ಸಿಲಿಂಡರುಗಳು ಯಾವಾಗಲೂ ಬೆಸ ಸಂಖ್ಯೆಯಲ್ಲೇ ಏಕಿರುತ್ತವೆ ಎಂದು ನಮ್ಮ ಬೀದಿಯ ಮಕ್ಕಳು ಕೇಳಿದರು. ದುಂಡಗೆ ಐದು ಎಲೆ ಹಾಕಿ ಹೋಳಿಗೆ ಬಡಿಸಲು ಹೊರಟಿದ್ದೀರಿ ಎಂದುಕೊಳ್ಳಿ. ಒಂದೆಲೆಗೆ ಬಡಿಸಿ, ಪಕ್ಕದ್ದನ್ನು ಬಿಟ್ಟು, ಮುಂದಿನದಕ್ಕೆ ಬಡಿಸಬೇಕು, ಅದೇ ನಿಯಮ. 1, 3, 5, ಆಮೇಲೆ 2, 4. ಎರಡು ಸುತ್ತು ಮುಗಿಯುವಷ್ಟರಲ್ಲಿ ಎಲ್ಲರಿಗೂ ಒಂದೊಂದು ಬಂತು, ಮತ್ತೆ ಒಂದನೆಯ ಎಲೆಗೆ ನಿಂತಿರಿ. ಆರು ಎಲೆ ಹಾಕಿದ್ದರೆ 1, 3, 5 ಆದ ಮೇಲೆ ಪುನಃ 1ಕ್ಕೇ ಬರುತ್ತೀರಿ; 2, 4, 6 ಕೈ ಒದ್ದೆ ಮಾಡಿಕೊಂಡು ಕಾಯುತ್ತಲೇ ಇರಬೇಕು. ಎಂಜಿನ್ನಿನಲ್ಲಿಯೂ ಇಷ್ಟೇ. ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರೂ ಒಂದು ಸಲ ಉರಿಯಬೇಕು, 144 ಡಿಗ್ರಿಗೊಂದರಂತೆ, ಎಲ್ಲಿಯೂ ತಾಳ ತಪ್ಪದೆ.

ಈ ಬಗೆಯ ಎಂಜಿನ್ನಿನ ಮೇಲೆ ನನಗಿರುವ ಮೋಹಕ್ಕೆ ಕಾರಣ ನನ್ನ ತಂದೆ. ಅವರು 1948ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ವಿಮಾನಪುರದ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ಹೆಲ್ಪರ್ ಆಗಿ ಸೇರಿದ್ದರು. ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ 1940ರ ಡಿಸೆಂಬರಿನಲ್ಲಿ ಆರಂಭಿಸಿದ ಕಾರ್ಖಾನೆ ಅದು. 1942ರಲ್ಲಿ ಅಲ್ಲಿ ಜೋಡಿಸಿ ಹಾರಿಸಿದ ಕರ್ಟಿಸ್ ಹಾಕ್ ವಿಮಾನದ ಮೂಗಿನಲ್ಲಿದ್ದದ್ದು ಒಂಬತ್ತು ಸಿಲಿಂಡರಿನ ರೈಟ್ ಸೈಕ್ಲೋನ್ ರೇಡಿಯಲ್. ತಂದೆ ಸೇರಿದ ಹೊತ್ತಿಗೆ, ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಯಂತೆ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು ಬೆಂಗಳೂರಿಗೆ ಹಾರಿಸಿ ತಂದು, ದುರಸ್ತಿ ಮಾಡಿ ವಾಯುಪಡೆಗೆ ಕೊಡುವ ಕೆಲಸ ನಡೆಯುತ್ತಿತ್ತು. ಒಂದು ಲಿಬರೇಟರಿಗೆ ನಾಲ್ಕು ಟ್ವಿನ್ ವಾಸ್ಪ್ ಎಂಜಿನ್. ಒಂದೊಂದಕ್ಕೆ ಏಳರ ಎರಡು ಸಾಲಿನಲ್ಲಿ ಹದಿನಾಲ್ಕು ಸಿಲಿಂಡರ್. ಒಂದೊಂದು ಸಿಲಿಂಡರಿಗೆ ಎರಡು ಪ್ಲಗ್. ಒಟ್ಟು 112 ಪ್ಲಗ್. ತಂದೆಯ ಮೊದಲ ಕೆಲಸ ಅವನ್ನು ಬಿಚ್ಚಿ, ತೊಳೆದು, ಸಾಲಾಗಿ ಜೋಡಿಸಿಡುವುದು. ಸಾಯುವ ತನಕ ಅವರು ಯಾವ ವಿಮಾನವನ್ನೂ ರೆಕ್ಕೆಯಿಂದ ಗುರುತಿಸಲಿಲ್ಲ, ಪ್ಲಗ್ಗಿನ ಲೆಕ್ಕದಿಂದಲೇ ಗುರುತಿಸುತ್ತಿದ್ದರು. ಡಕೋಟ ಎಂದರೆ ಐವತ್ತಾರು.

ಐದು ಸಿಲಿಂಡರ್ ಆರಿಸಿಕೊಂಡದ್ದಕ್ಕೆ ಬೇರೊಂದು ಕಾರಣವಿದೆ. 1903ರಲ್ಲಿ ಅಮೆರಿಕದ ಲ್ಯಾಂಗ್ಲಿ ಎಂಬ ದೊಡ್ಡ ವಿಜ್ಞಾನಿಯ ವಿಮಾನಕ್ಕೆ ಚಾರ್ಲ್ಸ್ ಮ್ಯಾನ್ಲಿ ಎಂಬ ಎಂಜಿನಿಯರ್ ರೂಪಿಸಿದ ಎಂಜಿನ್ನೂ ಐದು ಸಿಲಿಂಡರಿನ ರೇಡಿಯಲ್. 52 ಕುದುರೆಶಕ್ತಿ. ಅದೇ ವರ್ಷ ರೈಟ್ ಸಹೋದರರನ್ನು ಹಾರಿಸಿದ ಎಂಜಿನ್ನಿಗೆ ಇದ್ದದ್ದು ಹನ್ನೆರಡರ ಆಸುಪಾಸು. ಆದರೆ ಮ್ಯಾನ್ಲಿ ಹತ್ತಿದ ವಿಮಾನ ದೋಣಿಯ ಮೇಲಿನ ಹಳಿಯಿಂದ ಜಿಗಿದ ಕೂಡಲೇ ಪೊಟೊಮ್ಯಾಕ್ ನದಿಗೆ ಬಿತ್ತು. ಅಕ್ಟೋಬರಿನಲ್ಲಿ ಒಮ್ಮೆ, ಡಿಸೆಂಬರ್ 8ರಂದು ಮತ್ತೊಮ್ಮೆ. ಒಂಬತ್ತು ದಿನ ಕಳೆದು ರೈಟ್ ಸಹೋದರರು ಹಾರಿದರು. ಎಲ್ಲರಿಗೂ ನೆನಪಿರುವುದು ಹಾರಿದವರು. ಕೆಲಸ ಕೆಡಿಸದ ಆ ಎಂಜಿನ್ನನ್ನು ನೆನೆಯುವವರು ನನ್ನಂಥ ಕೆಲವರು ಲೇತಿನವರು ಮಾತ್ರ.

ಇನ್ನು ‘ಯಂತ್ರಗಳು ನಮ್ಮಲ್ಲಿಲ್ಲ’ ಎಂಬ ಮಾತಿಗೆ ಬರುತ್ತೇನೆ.

ಕ್ರ್ಯಾಂಕ್ ಕೇಸಿಗೆ 110 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಸರಳಿನ ಒಂದು ತುಂಡು ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಸಿಕ್ಕಿತು. ತಂದಾಗ ಎರಡು ಕಿಲೋ ಮುನ್ನೂರು ಗ್ರಾಂ. ಕೆಲಸ ಮುಗಿದಾಗ ಉಳಿದದ್ದು 380 ಗ್ರಾಂ. ಮಿಕ್ಕದ್ದೆಲ್ಲ ತೆಂಗಿನ ತುರಿಯಂತೆ ನೆಲದ ಮೇಲೆ. ಅದನ್ನು ಅದೇ ಗುಜರಿಯವನಿಗೆ ಅವನು ಹೇಳಿದ ಬೆಲೆಗೆ ಮಾರಿದೆ. ಸಿಲಿಂಡರುಗಳನ್ನು ಇಎನ್ 8 ಉಕ್ಕಿನ ಗಟ್ಟಿ ಸರಳಿನಿಂದಲೇ ಕಡೆದೆ. ಗಾಳಿಗೆ ತಣಿಯಲೆಂದು ಸುತ್ತ ತೆಳು ಅಂಚುಗಳು, ಅಂದರೆ ಫಿನ್, ಒಂದಕ್ಕೆ ಹನ್ನೆರಡು, ಐದಕ್ಕೆ ಅರವತ್ತು. ಒಂದೂವರೆ ಮಿಲಿಮೀಟರಿಗೆ ಉಜ್ಜಿದ ಪಾರ್ಟಿಂಗ್ ಟೂಲನ್ನು ಐದು ಮಿಲಿಮೀಟರ್ ಆಳಕ್ಕೆ ಇಳಿಸಬೇಕು, ಎಣ್ಣೆ ಬಿಡುತ್ತ, ಉಸಿರು ಬಿಗಿಹಿಡಿದು. ನಾಲ್ಕನೆಯ ಸಿಲಿಂಡರಿನ ಕೊನೆಯ ತೋಡಿನಲ್ಲಿ ಟೂಲ್ ಕಚ್ಚಿಕೊಂಡಿತು. ಎರಡು ದಿನದ ಜಾಬ್ ಅರ್ಧ ಸೆಕೆಂಡಿನಲ್ಲಿ ರದ್ದಿ. ಆ ತುಂಡನ್ನು ನನ್ನ ಹೆಂಡತಿ ಹಿಟ್ಟಿನ ಡಬ್ಬದ ಮುಚ್ಚಳದ ಮೇಲೆ ಭಾರಕ್ಕೆ ಇಟ್ಟಿದ್ದಾಳೆ. ದಿನಕ್ಕೆರಡು ಬಾರಿ ನನ್ನ ಕಣ್ಣಿಗೆ ಬೀಳುತ್ತದೆ.

ಕ್ರ್ಯಾಂಕ್ ಶಾಫ್ಟ್ ಇಎನ್ 24ರದು, ಎರಡು ಕೆಟ್ಟ ಮೇಲೆ ಮೂರನೆಯದು ಉಳಿಯಿತು. ರೇಡಿಯಲ್ ಎಂಜಿನ್ನಿನ ಸೊಗಸೆಲ್ಲ ಇರುವುದು ಕ್ರ್ಯಾಂಕಿನ ಪಿನ್ನಿಗೆ ಕೂರುವ ಮಾಸ್ಟರ್ ರಾಡಿನಲ್ಲಿ. ಐದು ಪಿಸ್ಟನ್, ಪಿನ್ ಒಂದೇ. ಒಂದು ರಾಡ್ ನೇರವಾಗಿ ಪಿನ್ನನ್ನು ಹಿಡಿಯುತ್ತದೆ. ಉಳಿದ ನಾಲ್ಕು ಅದರ ಬುಡದ ಸುತ್ತ ಸಣ್ಣ ಪಿನ್ನುಗಳಲ್ಲಿ ಸಿಕ್ಕಿಕೊಂಡಿರುತ್ತವೆ, ಜಾತ್ರೆಯಲ್ಲಿ ತಾಯಿಯ ಸೆರಗು ಹಿಡಿದ ಮಕ್ಕಳ ಹಾಗೆ. ತಾಯಿ ಸ್ವಲ್ಪ ವಾಲಿದರೆ ಮಕ್ಕಳೂ ವಾಲಬೇಕು. ಹಾಗಾಗಿ ಆ ನಾಲ್ಕು ಪಿಸ್ಟನ್ನುಗಳು ಮೇಲಕ್ಕೆ ತಲುಪುವ ಕ್ಷಣ ಮೊದಲನೆಯದರಷ್ಟು ಕರಾರುವಾಕ್ಕಾಗಿ ಇರುವುದಿಲ್ಲ, ಕೂದಲೆಳೆ ಹಿಂದೆಮುಂದೆ ಆಗುತ್ತದೆ. ದೊಡ್ಡ ಎಂಜಿನ್ನುಗಳಲ್ಲೂ ಹಾಗೆಯೇ. ಪಿಸ್ಟನ್ ರಿಂಗುಗಳನ್ನು ಒಡೆದ ಎರಕದ ಲೈನರಿನಿಂದ ಒಂದು ಮಿಲಿಮೀಟರ್ ಅಗಲಕ್ಕೆ ಕಡೆದು, ಸೀಳಿ, ಬಾಯಿಯಲ್ಲಿ ಉಕ್ಕಿನ ತುಂಡು ಸಿಕ್ಕಿಸಿ, ಗ್ಯಾಸ್ ಒಲೆಯ ಮೇಲೆ ಮಂಕು ಕೆಂಪಿಗೆ ಕಾಯಿಸಿ ಸ್ಪ್ರಿಂಗ್ ಕೂರಿಸಿದೆ. ಹತ್ತು ಬೇಕಿತ್ತು, ಇಪ್ಪತ್ಮೂರು ಮಾಡಿದ ಮೇಲೆ ಹತ್ತು ಒಳ್ಳೆಯವು ಸಿಕ್ಕವು. ಬೇರಿಂಗ್ ಕೂರಿಸುವ ದಿನ ಕ್ರ್ಯಾಂಕ್ ಕೇಸ್ ಕೇಕಿನ ಓವನ್ನಿನಲ್ಲಿ, ಬೇರಿಂಗ್ ಫ್ರೀಜರಿನಲ್ಲಿ. ಬಿಸಿಗೆ ಹಿಗ್ಗಿದ್ದಕ್ಕೆ ಚಳಿಗೆ ಕುಗ್ಗಿದ್ದು ಟಪ್ಪೆಂದು ಇಳಿಯಿತು, ಸುತ್ತಿಗೆ ಮುಟ್ಟಲಿಲ್ಲ. ಓವನ್ನನ್ನು ತೊಳೆದುಕೊಟ್ಟೆ, ಆದರೂ ಆ ವರ್ಷ ಮನೆಯಲ್ಲಿ ಕೇಕ್ ಆಗಲಿಲ್ಲ.

ಇಷ್ಟಕ್ಕೆಲ್ಲ ನನ್ನ ಬಟಾಲಾ ಲೇತ್ ಸಾಕಾಯಿತು. ಸಾಲದೆ ಬಂದದ್ದು ಗೇರ್ ವಿಷಯದಲ್ಲಿ. ವಾಲ್ವುಗಳನ್ನು ತೆರೆಯುವ ಕ್ಯಾಮ್ ಬಳೆಗೆ ನಾಲ್ಕು ಪುಟ್ಟ ಗೇರ್ ಬೇಕು, ಹಲ್ಲಿನ ಗಾತ್ರ 0.8 ಮಾಡ್ಯೂಲ್. ಒಂದು ಸುತ್ತನ್ನು ಸಮಪಾಲು ಮಾಡಿಕೊಡುವ ಡಿವೈಡಿಂಗ್ ಹೆಡ್ ಇರುವ ಮಿಲ್ಲಿಂಗ್ ಯಂತ್ರದಲ್ಲಿ ಒಂದು ಮಧ್ಯಾಹ್ನದ ಕೆಲಸ. ಪೀಣ್ಯಕ್ಕೆ ಹೋದೆ. ಎರಡನೆಯ ಹಂತ, ಮೂರನೆಯ ಹಂತ, ಆಮೇಲೆ ಕಾಮಾಕ್ಷಿಪಾಳ್ಯ. ಡ್ರಾಯಿಂಗ್ ನೋಡಿದ ಪ್ರತಿಯೊಬ್ಬರೂ ಒಂದೇ ಪ್ರಶ್ನೆ ಕೇಳಿದರು: “ಎಷ್ಟು ನಂಬರ್?” ಒಂದೊಂದು ಎಂದೆ. “ಒಂದೇ ಪೀಸಾ, ಸಾರ್?” ಎಂದು ಡ್ರಾಯಿಂಗನ್ನು ಮಡಚಿ, ಮರ್ಯಾದೆಯಿಂದಲೇ ನನ್ನ ಕೈಗಿತ್ತರು. ಅವರನ್ನು ದೂರಲು ನನಗೆ ಬಾಯಿಲ್ಲ. ಸೆಟ್ಟಿಂಗಿಗೆ ಮೂರು ಗಂಟೆ, ಕಟ್ಟಿಂಗಿಗೆ ಇಪ್ಪತ್ತು ನಿಮಿಷ. ಬ್ಯಾಂಕಿನ ಕಂತು ಕಟ್ಟುವವನಿಗೆ ಇದು ಗಿಟ್ಟುವುದಿಲ್ಲ. ನಾನೇ ಫೋರ್‌ಮನ್ ಆಗಿದ್ದಾಗ, ಒಬ್ಬ ಮೇಷ್ಟ್ರು ತಾವು ಮಾಡುತ್ತಿದ್ದ ಟೆಲಿಸ್ಕೋಪಿಗೆ ಒಂದು ಹಿತ್ತಾಳೆಯ ವರ್ಮ್ ಚಕ್ರ ಬೇಕೆಂದು ಗೇಟಿನ ತನಕ ಬಂದಿದ್ದರು. ಅವರಿಗೂ ನಾನು ಇದೇ ಪ್ರಶ್ನೆ ಕೇಳಿ ವಾಪಸು ಕಳಿಸಿದ್ದೆ. ಅವರ ಕೈಯಲ್ಲಿದ್ದ ಡ್ರಾಯಿಂಗ್ ಶಾಲೆಯ ಗ್ರಾಫ್ ಹಾಳೆಯ ಮೇಲಿತ್ತು ಎಂಬುದು ಈಗ ನೆನಪಾಗುತ್ತಿದೆ.

ಕೊನೆಗೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಹೋದೆ. ಹೆಸರು ಬೇಡ, ಎಲ್ಲ ಕಡೆಯೂ ಇದೇ ಕಥೆ ಎಂದು ಬಲ್ಲವರು ಹೇಳುತ್ತಾರೆ. ವರ್ಕ್‌ಶಾಪಿನ ಕಿಟಕಿಯಿಂದ ಕಂಡದ್ದು: ನೀಲಿ ಪ್ಲಾಸ್ಟಿಕ್ ಹೊದ್ದ ಹದಿನಾಲ್ಕು ಲೇತ್, ಎರಡು ಮಿಲ್ಲಿಂಗ್ ಯಂತ್ರ, ಒಂದರ ಮೇಜಿನ ಮೇಲೆ ಗ್ರೀಸ್ ಬಳಿದ ಡಿವೈಡಿಂಗ್ ಹೆಡ್. ಗ್ರೀಸಿನ ಮೇಲೆ ಕಾರ್ಖಾನೆಯ ಕಾಗದ ಹಾಗೆಯೇ ಅಂಟಿಕೊಂಡಿತ್ತು. ಅಂದರೆ ಬಂದ ದಿನದಿಂದ ಯಾರೂ ಮುಟ್ಟಿಲ್ಲ. ಬಾಗಿಲಿಗೆ ಬೀಗ. ಒಂದು ಶನಿವಾರ ಮಧ್ಯಾಹ್ನ ಬಾಡಿಗೆ ಕೊಟ್ಟು ಕೆಲಸ ಮಾಡಿಕೊಳ್ಳುತ್ತೇನೆ, ಕಟರ್ ನನ್ನದೇ ತರುತ್ತೇನೆ, ಕೈ ಹೋದರೆ ಹೊಣೆ ನನ್ನದೇ ಎಂದು ಬರೆದುಕೊಡುತ್ತೇನೆ ಎಂದೆ. ಅಲ್ಲಿನವರು ಕಾಫಿ ಕೊಟ್ಟರು. ಆಡಿಟ್ ಎಂದರು, ವಿಮೆ ಎಂದರು, ಹೊರಗಿನವರಿಗೆ ಅವಕಾಶವಿಲ್ಲ ಎಂದರು. ಕಾಫಿ ಚೆನ್ನಾಗಿತ್ತು.

ಮನೆಗೆ ಬಂದು ಬಡವರ ದಾರಿ ಹಿಡಿದೆ. ಲೇತಿನ ಜೊತೆಗೆ ಥ್ರೆಡ್ ಕಟ್ಟಿಂಗಿಗೆಂದು ಬಂದ ಗೇರುಗಳಲ್ಲಿ ನಲವತ್ತು ಹಲ್ಲಿನದೊಂದಿತ್ತು. ಅದನ್ನೇ ಎಣಿಕೆಯ ಚಕ್ರ ಮಾಡಿಕೊಂಡೆ. ವರ್ಟಿಕಲ್ ಸ್ಲೈಡಿನಲ್ಲಿ ಗೇರಿನ ಬಿಲ್ಲೆ, ಅದೇ ಶಾಫ್ಟಿನ ಹಿಂದೆ ಈ ಚಕ್ರ, ಹಲ್ಲಿಗೆ ಬೀಳುವ ಒಂದು ಸ್ಪ್ರಿಂಗ್ ಮೊಳೆ. ಚಕ್ಕಿನಲ್ಲಿ ಹಲ್ಲಿನ ಆಕಾರಕ್ಕೆ ಕೈಯಲ್ಲೇ ಉಜ್ಜಿದ ಒಂಟಿ ಟೂಲ್. ನಲವತ್ತು ಹಲ್ಲಿನ ಗೇರಿಗೆ ಚಕ್ರದ ಪ್ರತಿ ಹಲ್ಲು, ಇಪ್ಪತ್ತು ಹಲ್ಲಿನದಕ್ಕೆ ಒಂದು ಬಿಟ್ಟು ಒಂದು. ಒಂದು ಮಧ್ಯಾಹ್ನದ ಕೆಲಸಕ್ಕೆ ಆರು ವಾರ ಹಿಡಿಯಿತು.

ಆಮೇಲೆ ಎಂಜಿನ್ ಜೋಡಿಸಿದೆ. ಅದು ಕೆಮ್ಮಿತು, ಸೀನಿತು, ಕಾರ್ಬ್ಯುರೇಟರಿನಿಂದ ಬೆಂಕಿ ಉಗುಳಿತು, ಓಡಲಿಲ್ಲ. ಏಳು ತಿಂಗಳು ನಾನು ಇಗ್ನಿಷನ್ನನ್ನು ಬೈದೆ. ಕಾಯಿಲ್ ಬದಲಿಸಿದೆ, ಡಿಸ್ಟ್ರಿಬ್ಯೂಟರ್ ಎರಡು ಸಲ ಮಾಡಿದೆ. ತಪ್ಪು ಕಂಡುಹಿಡಿದದ್ದು ಎದುರು ಮನೆಯ ಹುಡುಗಿ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೆಯ ವರ್ಷ, ಮೇಲೆ ಹೇಳಿದ ಅದೇ ಕಾಲೇಜು. ಪ್ಲಗ್ಗುಗಳನ್ನು ಬಿಚ್ಚಿ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸುತ್ತ ಆಟವಾಡುತ್ತಿದ್ದವಳು ಕೇಳಿದಳು: “ಅಂಕಲ್, ಮೂರನೆಯ ಪಿಸ್ಟನ್ ಮೇಲೆ ಬಂದಾಗ ನಾಲ್ಕನೆಯದರ ವಾಲ್ವ್ ಏಕೆ ಅಲ್ಲಾಡುತ್ತದೆ?”

ಅರ್ಧ ನಿಮಿಷ ನನ್ನ ಬಾಯಿ ಒಣಗಿತು. ಐದು ಸಿಲಿಂಡರಿಗೆ ಕ್ಯಾಮ್ ಬಳೆಯ ಮೇಲೆ ಎರಡು ಉಬ್ಬು ಇಟ್ಟರೆ ಬಳೆ ಕ್ರ್ಯಾಂಕಿನ ಕಾಲು ವೇಗದಲ್ಲಿ, ಕ್ರ್ಯಾಂಕಿಗೆ ಎದುರು ದಿಕ್ಕಿನಲ್ಲಿ ತಿರುಗಬೇಕು. ನನ್ನ ಎರಡು ಜೋಡಿ ಗೇರಿನ ಏರ್ಪಾಟಿನಲ್ಲಿ ಹಾಗೆ ಎದುರು ತಿರುಗಿಸಲು ಒಳಹಲ್ಲಿನ ಗೇರ್ ಬೇಕು. ಒಳಹಲ್ಲು ಕಡೆಯುವ ಯಂತ್ರ ನನ್ನಲ್ಲಿಲ್ಲವೆಂದು ಎಲ್ಲವನ್ನೂ ಹೊರಹಲ್ಲಿನದೇ ಮಾಡಿದ್ದೆ. ಬಳೆ ಕ್ರ್ಯಾಂಕಿನ ದಿಕ್ಕಿಗೇ ತಿರುಗುತ್ತಿತ್ತು. ಒಂದನೆಯ ಸಿಲಿಂಡರನ್ನು ಡಿಗ್ರಿ ಚಕ್ರ ಹಾಕಿ ಸರಿಯಾಗಿ ಕೂರಿಸಿದ್ದೆ. ಅದೊಂದು ಸರಿಯಿದ್ದರೆ ಉಳಿದ ನಾಲ್ಕು ತಾವಾಗಿಯೇ ಸರಿಯಿರುತ್ತವೆ ಎಂಬ ಮೂವತ್ತೇಳು ವರ್ಷದ ಅನುಭವದ ಕೊಬ್ಬು. ಕ್ರ್ಯಾಂಕ್ 144 ಡಿಗ್ರಿ ತಿರುಗಿದಾಗ ಉಬ್ಬು ಮೂರನೆಯದರ ಕೆಳಗೆ ಇರಬೇಕಾದದ್ದು ನಾಲ್ಕನೆಯದರ ಕೆಳಗಿರುತ್ತಿತ್ತು.

ಪರಿಹಾರ ಸಿಕ್ಕಿದ್ದೂ ಆ ಸಂಜೆಯೇ, ಕ್ಯಾಲೆಂಡರಿನ ಹಿಂಬದಿಯ ಲೆಕ್ಕದಲ್ಲಿ. ಅದೇ ದಿಕ್ಕಿಗೆ ತಿರುಗುವುದಾದರೆ ತಿರುಗಲಿ. ಉಬ್ಬು ಮೂರಾಗಲಿ, ವೇಗ ಕ್ರ್ಯಾಂಕಿನ ಆರನೇ ಒಂದಾಗಲಿ. ಹಳೆಯ ಜೋಡಣೆ 20 ಹಲ್ಲಿಗೆ 40 ಹಲ್ಲು, ಮತ್ತೆ 20ಕ್ಕೆ 40. ಎರಡನೆಯ ಜೋಡಿಯನ್ನು 15ಕ್ಕೆ 45 ಮಾಡಿದರೆ ಸಾಕು. ಎರಡೂ ಜೋಡಿಯ ಮೊತ್ತ ಅರವತ್ತೇ, ಶಾಫ್ಟುಗಳ ನಡುವಿನ 24 ಮಿಲಿಮೀಟರ್ ಅಂತರ ಕದಲುವುದಿಲ್ಲ, ಕ್ರ್ಯಾಂಕ್ ಕೇಸಿಗೆ ಹೊಸ ತೂತು ಬೇಡ. ಹದಿನೈದು ಹಲ್ಲಿನ ಗೇರಿನ ಬುಡ ಸ್ವಲ್ಪ ತೆಳುವಾಗುತ್ತದೆ, ಆದರೆ ಐದು ಜೊತೆ ಪುಟ್ಟ ವಾಲ್ವ್ ಎತ್ತುವುದಕ್ಕೆ ಧಾರಾಳ. ಲೇತಿನ ಗೇರುಗಳಲ್ಲಿ 45 ಹಲ್ಲಿನದೂ ಇತ್ತು: 45ಕ್ಕೆ ಪ್ರತಿ ಹಲ್ಲು, 15ಕ್ಕೆ ಮೂರು ಹಲ್ಲಿಗೊಮ್ಮೆ.

ಆ ಎರಡು ಗೇರುಗಳನ್ನು ಮತ್ತು ಮೂರು ಉಬ್ಬಿನ ಹೊಸ ಬಳೆಯನ್ನು ಮಾಡಿದವಳು ಆ ಹುಡುಗಿಯೇ. ನಾನು ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದೆ, ಅಷ್ಟೇ. ಕಾಲೇಜಿನಲ್ಲಿ ಅವಳು ಲೇತ್ ಮುಟ್ಟಿದ್ದು ಒಂದೇ ಸೆಮಿಸ್ಟರಿನಲ್ಲಿ. ಒಂದು ಸ್ಟೆಪ್ ಟರ್ನಿಂಗ್, ಒಂದು ಟೇಪರ್, ಒಂದು ನರ್ಲಿಂಗ್. ರೆಕಾರ್ಡ್ ಪುಸ್ತಕಕ್ಕೆ ಸಹಿ ಬಿದ್ದ ಮೇಲೆ ಬಾಗಿಲು ಮುಚ್ಚಿತು. ಕಾಲೇಜಿನ ಡಿವೈಡಿಂಗ್ ಹೆಡ್ಡಿನಲ್ಲಿ ಈ ಗೇರುಗಳನ್ನು ಕಡೆಯಲು ಅವಳೂ ಅನುಮತಿ ಕೇಳಿದಳು. ಪಠ್ಯಕ್ರಮದಲ್ಲಿ ಇಲ್ಲ ಎಂಬ ಉತ್ತರ ಬಂತು. 45 ಹಲ್ಲಿಗೆ ಆ ಹೆಡ್ಡಿನ ತಟ್ಟೆಯ 18 ತೂತಿನ ವೃತ್ತದಲ್ಲಿ 16 ತೂತು ಮುಂದೆ ಹೋಗಬೇಕು ಎಂಬ ಲೆಕ್ಕ ಅವಳಿಗೆ ಪರೀಕ್ಷೆಗೆ ಬಂದಿತ್ತು, ಪೂರ್ತಿ ಅಂಕವೂ ಸಿಕ್ಕಿತ್ತು. ಆ ತೂತುಗಳಿರುವ ತಟ್ಟೆಯನ್ನು ಅವಳು ಈವರೆಗೂ ಕೈಯಲ್ಲಿ ಹಿಡಿದಿಲ್ಲ.

ಯಂತ್ರಗಳು ಇಲ್ಲ ಎಂದು ಬರೆದ ನಿಮ್ಮ ಲೇಖಕರು ಆ ಕಿಟಕಿಯಲ್ಲಿ ಒಮ್ಮೆ ಇಣುಕಬೇಕು. ಯಂತ್ರಗಳಿವೆ, ಪ್ಲಾಸ್ಟಿಕ್ ಹೊದ್ದು ಮಲಗಿವೆ. ನಾನು ಕೇಳುವುದು ದೊಡ್ಡದೇನಲ್ಲ. ಸರ್ಕಾರದ ದುಡ್ಡು ಬಿದ್ದಿರುವ ಪಾಲಿಟೆಕ್ನಿಕ್, ಐಟಿಐ, ಎಂಜಿನಿಯರಿಂಗ್ ಕಾಲೇಜುಗಳ ವರ್ಕ್‌ಶಾಪ್ ಶನಿವಾರ ಮಧ್ಯಾಹ್ನ ಎರಡರಿಂದ ಏಳರ ತನಕ ತೆರೆದಿರಲಿ. ಮೊದಲು ಅಲ್ಲಿನ ವಿದ್ಯಾರ್ಥಿಗಳಿಗೆ, ಆಮೇಲೆ ಊರಿನವರಿಗೆ. ಗಂಟೆಗಿಷ್ಟು ಎಂದು ಬಾಡಿಗೆ ಇರಲಿ, ಇನ್‌ಸ್ಟ್ರಕ್ಟರಿಗೆ ಅದರಿಂದಲೇ ಓವರ್‌ಟೈಮ್ ಕೊಡಲಿ. ಕನ್ನಡಕ ಹಾಕದೆ, ಟೂಲ್ ಉಜ್ಜಲು ಬಾರದೆ ಬಂದವರನ್ನು ಹೊರಗೆ ಕಳಿಸಲಿ. ಆ ಪರೀಕ್ಷೆಯನ್ನು ಬೇಕಾದರೆ ನಾವೇ ಮಾಡುತ್ತೇವೆ. ಎಚ್‌ಎಂಟಿ, ಎಚ್‌ಎಎಲ್, ಪೀಣ್ಯಗಳಿಂದ ನಿವೃತ್ತರಾಗಿ ಪಾರ್ಕಿನ ಬೆಂಚಿನಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡುತ್ತಿರುವ ಟರ್ನರುಗಳು, ಫಿಟ್ಟರುಗಳು ಈ ನಗರದಲ್ಲಿ ಎಷ್ಟೋ ಮಂದಿ ಇದ್ದಾರೆ. ಸಂಬಳ ಬೇಡ, ಒಂದು ಲೋಟ ಟೀ ಸಾಕು.

ಹೊರಗಿನವರಿಗೆ ಏಕೆ ಎಂದು ಕೇಳುವವರಿಗೆ: ನನ್ನ ಆಸ್ತಿ ತೆರಿಗೆಯ ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯದ ಕರ ಕಟ್ಟುತ್ತೇನೆ. 1965ರಲ್ಲೇ ಇದಕ್ಕೆ ಕಾಯ್ದೆ ಮಾಡಿದ ರಾಜ್ಯ ನಮ್ಮದು. ಗ್ರಂಥಾಲಯದ ಬಾಗಿಲಲ್ಲಿ ನಿನ್ನ ಪಠ್ಯಕ್ರಮ ಯಾವುದು ಎಂದು ಯಾರೂ ಕೇಳುವುದಿಲ್ಲ. ಓದುವವನಿಗೆ ಇರುವ ಬಾಗಿಲು ಕಡೆಯುವವನಿಗೆ ಏಕೆ ಇರಬಾರದು? ವಿದೇಶದವರಿಗೇ ಮೀಸಲಾದ ಹವ್ಯಾಸ ಎಂದಿರಲ್ಲ, ಲಂಡನ್ನಿನಲ್ಲಿ ಇಂಥ ಪುಟ್ಟ ಎಂಜಿನ್ ಮಾಡುವವರು ಸಂಘ ಕಟ್ಟಿಕೊಂಡದ್ದು 1898ರಲ್ಲಿ. ಅವರ ಕೈಬೆರಳು ನಮ್ಮದಕ್ಕಿಂತ ಭಿನ್ನವಾಗಿಲ್ಲ.

ಎಂಜಿನ್ ಏನಾಯಿತು ಎಂದು ಹೇಳದೆ ಪತ್ರ ಮುಗಿಸಿದರೆ ಬಯ್ಯುತ್ತೀರಿ. ಹೊಸ ಗೇರುಗಳನ್ನು ಹಾಕಿದ ರಾತ್ರಿ ಎಣ್ಣೆಯ ಡಬ್ಬದ ನಲ್ಲಿ ಮುಚ್ಚಲು ಮರೆತೆ. ಬೆಳಗಾಗುವಷ್ಟರಲ್ಲಿ ಎಣ್ಣೆಯೆಲ್ಲ ಕೆಳಗಿನ 3 ಮತ್ತು 4ನೆಯ ಸಿಲಿಂಡರುಗಳಿಗೆ ಇಳಿದು, ಪಿಸ್ಟನ್ ದಾಟಿ ಸಿಲಿಂಡರಿನ ತಲೆಯ ಕಡೆ ಮಡುಗಟ್ಟಿತ್ತು. ಎಣ್ಣೆ ಗಾಳಿಯಂತೆ ಕುಗ್ಗುವುದಿಲ್ಲ. ನಾನು ನೋಡದೆ ಡ್ರಿಲ್ ಹಚ್ಚಿ ತಿರುಗಿಸಿದೆ. ನಾಲ್ಕನೆಯದರ ರಾಡ್ ಬಾಳೆಕಾಯಿಯಂತೆ ಬಾಗಿತು. ವಿಮಾನ ಹೊರಡುವ ಮುನ್ನ ಇಬ್ಬರು ಪ್ರೊಪೆಲ್ಲರ್ ಹಿಡಿದು ಕೈಯಲ್ಲೇ ಸುತ್ತಿಸುತ್ತಿದ್ದರು, ಗಟ್ಟಿಯಾಗಿ ನಿಂತರೆ ಬಲ ಹಾಕದೆ ಕೆಳಗಿನ ಪ್ಲಗ್ ಬಿಚ್ಚುತ್ತಿದ್ದರು ಎಂದು ತಂದೆ ನೂರು ಸಲ ಹೇಳಿದ್ದರು. ಆ ಮಾತು ನೆನಪಾದದ್ದು ರಾಡ್ ಬಾಗಿದ ಮೇಲೆ. ಹೊಸ ರಾಡ್ ಮಾಡಲು ಹದಿನೈದು ದಿನ.

ಹೋದ ವರ್ಷ ಆಯುಧಪೂಜೆಗೆ ಮೂರು ದಿನ ಮೊದಲು, ಇಪ್ಪತ್ತಿಂಚಿನ ಮರದ ಪ್ರೊಪೆಲ್ಲರ್ ಹಾಕಿ, ಬೆಂಚಿಗೆ ಬಿಗಿದು, ಮೊದಲು ಕೈಯಲ್ಲಿ ಹತ್ತು ಸುತ್ತು ತಿರುಗಿಸಿ, ಆಮೇಲೆ ಕಿಡಿ ಕೊಟ್ಟೆವು. ನಾಲ್ಕು ನಿಮಿಷ ಓಡಿತು. ಒಂಟಿ ಸಿಲಿಂಡರಿನ ಪಟಪಟ ಅಲ್ಲ, ಕಾರಿನ ಗುಂಯ್‌ಗುಡುವಿಕೆಯೂ ಅಲ್ಲ. ಯಾರೋ ಅವಸರವಿಲ್ಲದೆ ಚಂಡೆ ಬಾರಿಸಿದಂತೆ. ಕೋಣೆಯ ತುಂಬ ನೀಲಿ ಹೊಗೆ. ಹುಡುಗಿ ಒಂದೊಂದು ಎಗ್ಸಾಸ್ಟ್ ಕೊಳವೆಗೂ ನೀರಿನ ಹನಿ ಹಾಕಿ, ಚುಯ್ ಎನ್ನುತ್ತದೆಯೇ ಎಂದು ಪರೀಕ್ಷಿಸಿದಳು. ನಾಲ್ಕು ಚುಯ್ ಎಂದವು. ನಾಲ್ಕನೆಯ ಸಿಲಿಂಡರಿನದು ಎನ್ನಲಿಲ್ಲ.

ಅದರ ಪ್ಲಗ್ಗಿಗೆ ಈಗಲೂ ಎಣ್ಣೆ ಹತ್ತುತ್ತದೆ. ಹೊಸ ರಿಂಗ್ ಹಾಕಬೇಕಾಗಿದೆ, ಇಪ್ಪತ್ನಾಲ್ಕನೆಯದು. ನಿಮ್ಮ ಲೇಖಕರು ಬಂದು ನೋಡುವುದಾದರೆ ಯಾವ ಭಾನುವಾರವಾದರೂ ಬರಲಿ, ಹನ್ನೊಂದು ಗಂಟೆಯ ನಂತರ. ಪಕ್ಕದ ಮನೆಯಲ್ಲಿ ಎಳೆಗೂಸಿದೆ, ಅದು ಏಳುವ ತನಕ ನಾವು ಎಂಜಿನ್ ಹಚ್ಚುವುದಿಲ್ಲ. ತಿದ್ದುಪಡಿಯಲ್ಲಿ ‘ರೇಡಿಯಲ್’ ಎಂದು ಹಾಕುವುದನ್ನು ಮರೆಯಬೇಡಿ.

ಇಂತಿ,
ನಿವೃತ್ತ ಟೂಲ್‌ರೂಮ್ ಫೋರ್‌ಮನ್,
ರಾಜಾಜಿನಗರ, ಬೆಂಗಳೂರು